ಸೂಪರ್ ಕಂಪ್ಯೂಟರಿನ ಕಿಂಡಿ ತೋರಿಸಿದ ತಪ್ಪಿಗೆ

ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಯಂತ್ರದ ಭದ್ರತೆಯಲ್ಲಿ ಕಿಂಡಿ ಬಿದ್ದಿದೆ ಎಂದು ಹೇಳಿದ್ದಕ್ಕೆ ನನ್ನನ್ನು ದಾಳಿಕೋರಳೆಂದು ಕರೆದು ಹೊರಗಟ್ಟಿದ್ದೀರಿ. ಕಿಂಡಿ ಮಾತ್ರ ಹಾಗೇ ಇದೆ. ಇದು ಯಾವ ಸೀಮೆಯ ಭದ್ರತೆ?

ನಾನು ಕಂಪ್ಯೂಟರ್ ಭದ್ರತೆಯಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ಯಂತ್ರಗಳ ದೋಷ ಹುಡುಕುವುದನ್ನು ಕಲಿಸಲೆಂದೇ ಈ ವಿಶ್ವವಿದ್ಯಾಲಯ ನನ್ನನ್ನು ಸೇರಿಸಿಕೊಂಡಿತು. ಬೇರೆಯವರ ಯಂತ್ರಗಳಲ್ಲಿ ಮಾತ್ರ ಹುಡುಕಬೇಕಿತ್ತೇನೋ! ಮಾರ್ಚಿನಲ್ಲಿ, ಸರದಿಯಲ್ಲಿ ಕಾದು ಕಾದು ಕೊನೆಗೆ ನಿಮ್ಮ ಯಂತ್ರಕ್ಕೆ ಕೊಟ್ಟಿದ್ದ ನನ್ನ ಲೆಕ್ಕ ಶುರುವಾದಾಗ, ಪರದೆಯ ಮೇಲೆ ನನ್ನದಲ್ಲದ ಚಿತ್ರಗಳು ಬಂದವು. ಯಾರದೋ ಮಿದುಳಿನ ಸ್ಕ್ಯಾನ್, ಪಕ್ಕದಲ್ಲಿ ಹೆಸರು, ಹುಟ್ಟಿದ ದಿನ. ನನಗಿಂತ ಮೊದಲು ಯಂತ್ರ ಬಳಸಿದ ವೈದ್ಯಕೀಯ ವಿಭಾಗದವರ ಮಾಹಿತಿಯನ್ನು ಅದು ಅಳಿಸಿಯೇ ಇರಲಿಲ್ಲ.

ಪಕ್ಕದ ಮೇಜಿನ ಸಹಪಾಠಿ ಟಿಯೋ, "ಬಾಯಿ ಮುಚ್ಕೊಂಡಿರು ಮಾರಾಯ್ತಿ. ಹೇಳಿದ್ರೆ ನಿನ್ನ ತಲೆಗೇ ಕಟ್ತಾರೆ" ಎಂದ.

"ಇದು ಯಾರದೋ ಅಮ್ಮನ ತಲೆ ಕಣೋ. ಹೇಳ್ದೆ ಹೇಗಿರ್ಲಿ?" ಎಂದೆ. ಚಿತ್ರಗಳನ್ನು ಅಳಿಸಿ, ಅಂದೇ ನಿಮ್ಮ ಕಚೇರಿಗೆ ಬರೆದೆ.

ಮರುದಿನವೇ ನನ್ನ ಖಾತೆ ಮುಚ್ಚಿದಿರಿ. ಕೇಳಲು ಬಂದಾಗ ನೀವು ಅಂದದ್ದು ನೆನಪಿದೆಯೇ? "ನೋಡಮ್ಮ, ಕಿಂಡಿ ಇರ್ಬಹುದು. ಆದ್ರೆ ಇಣುಕಿದ್ದು ನೀನು ತಾನೆ?" ಸ್ವಾಮಿ, ಇಣುಕದೆ ಕಿಂಡಿ ಕಾಣುವುದು ಹೇಗೆ? ಮುಚ್ಚಿದ ಖಾತೆಯ ಕಡತಗಳನ್ನು ನಿಮ್ಮ ಯಂತ್ರ ತಾನಾಗಿಯೇ ಗುಡಿಸಿಹಾಕುತ್ತದೆ. ಬೇರೆಡೆ ಇಡಲಾಗದಷ್ಟು ದೊಡ್ಡದಾಗಿದ್ದ, ನನ್ನ ಪ್ರಬಂಧದ ಎರಡು ವರ್ಷಗಳ ಫಲಿತಾಂಶ ಹಾಗೆ ಹೋಯಿತು. ರೋಗಿಗಳ ಗುಟ್ಟು ಅಳಿಸಲು ಬಾರದ ಯಂತ್ರಕ್ಕೆ ನನ್ನ ದುಡಿಮೆ ಅಳಿಸಲು ಎಷ್ಟು ಚೆನ್ನಾಗಿ ಬಂತು! ಈ ವರ್ಷ ನನಗೆ ಪದವಿಯಿಲ್ಲ.

ಮೊನ್ನೆ ಟಿಯೋನ ಪರದೆಯಲ್ಲೂ ಅಂಥದೇ ಚಿತ್ರ ಬಂತು. ಅವನು ನಿಮಗೆ ಬರೆಯಲಿಲ್ಲ, ಬುದ್ಧಿವಂತ. ನನ್ನನ್ನು ಕರೆದು ತೋರಿಸಿದ.

ನನ್ನ ಬೇಡಿಕೆ ಇಷ್ಟೇ. ಯಂತ್ರ ನಿಲ್ಲಿಸಿ, ಕಿಂಡಿ ಮುಚ್ಚಿ, ಆ ರೋಗಿಗಳಿಗೆ ನಡೆದದ್ದನ್ನು ನೀವೇ ತಿಳಿಸಿ. ನನ್ನ ಖಾತೆಯ ಮಾತು ಆಮೇಲೆ.

ಆಗುವುದಿಲ್ಲವೆನ್ನುತ್ತೀರಾ? ಹಾಗಾದರೆ ನಿಮ್ಮ ಯಂತ್ರದ ಮುಂದಿನ ಸರದಿಯನ್ನೊಮ್ಮೆ ನೋಡಿಕೊಳ್ಳಿ. ದಿನಗಟ್ಟಲೆ ಕಾದ ಸರದಿಯನ್ನು ಇಲ್ಲಿ ಯಾರೂ ಬಿಟ್ಟುಕೊಡುವುದಿಲ್ಲ. ನಿನ್ನೆ ಟಿಯೋ ತನ್ನ ಲೆಕ್ಕಗಳನ್ನೆಲ್ಲ ಸರದಿಯಿಂದ ಹಿಂತೆಗೆದುಕೊಂಡ. ಬರುವ ತಿಂಗಳೇ ಅವನ ಪ್ರಬಂಧದ ಪರೀಕ್ಷೆ. "ಪಾಸಾಗೋದು ಆಮೇಲೆ ನೋಡ್ಕೊಳ್ಳೋಣ ಬಿಡು" ಎಂದ. ಸಂಜೆಯೊಳಗೆ ನಮ್ಮ ಮಹಡಿಯವರೆಲ್ಲ ಅವನಂತೆಯೇ ಮಾಡಿದರು. ನೀವು ಕಿಂಡಿ ಮುಚ್ಚುವವರೆಗೆ ನಿಮ್ಮ ಯಂತ್ರ ಖಾಲಿ ಕೂತಿರಲಿ.

ಇಂತಿ,
ಖಾತೆಯೂ ಇಲ್ಲದ, ಪದವಿಯೂ ಇಲ್ಲದ, ಆದರೂ ನಿಮ್ಮದೇ ವಿದ್ಯಾರ್ಥಿನಿ
ಕೋರಾ ಲಿಂಡ್‌ಕ್ವಿಸ್ಟ್