ಪಟ್ಟಿಯಲ್ಲಿ ಉಳಿದ ಹೆಸರು

ಸಭೆಯ ಕಚೇರಿ ಕೋಣೆ
ನವೆಂಬರ್ 13, ಶನಿವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಚಳಿ ಶುರುವಾದರೆ ಕಟ್ಟಿಕೊಳ್ಳುತ್ತಿದ್ದ ನಿನ್ನ ಎದೆ ಈಗ ಹೇಗಿದೆ? ಕನ್ನಡಕ ಬಂದಿರಬೇಕು, ತಲೆ ಅಪ್ಪನ ಹಾಗೆ ಬೋಳಾಗಿರಬೇಕು. ನಾನು ಚೆನ್ನಾಗಿದ್ದೇನೆ, ಎಡ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ನಲವತ್ತು ವರ್ಷದ ಮೇಲೆ ಬರೆಯುವ ಪತ್ರವನ್ನು ಮಂಡಿನೋವಿನಿಂದ ಶುರುಮಾಡಿದಳಲ್ಲ ಎಂದು ನಗಬೇಡ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಆಗಲೇ ಮೂರು ಹಾಳೆ ಹರಿದು ಹಾಕಿದ್ದೇನೆ.

ನಿನ್ನ ವಿಳಾಸ ಸಿಕ್ಕಿದ್ದು ಹೀಗೆ. ಹೋದ ವಾರ ನಿಮ್ಮ ಊರಿನ ಸಭೆಯಿಂದ ಇಲ್ಲಿಯ ಕಾರ್ಯದರ್ಶಿಗೆ ಒಂದು ಪತ್ರ ಬಂತು. ಈ ಮನುಷ್ಯರು ಹನ್ನೊಂದು ವರ್ಷದಿಂದ ನಮ್ಮ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ, ಕರ್ತನ ಭೋಜನದ ಹೊತ್ತಿಗೆ ಎದ್ದು ಹೊರಗೆ ನಿಲ್ಲುತ್ತಾರೆ, ಸದಸ್ಯರಾಗಲು ಈಗ ಒಪ್ಪಿದ್ದಾರೆ, ದಯವಿಟ್ಟು ವರ್ಗಾವಣೆ ಪತ್ರ ಕಳಿಸಿ ಎಂದು ಅದರಲ್ಲಿತ್ತು. ಕಾರ್ಯದರ್ಶಿ ಯಾರು ಗೊತ್ತೇ? ನಿನ್ನ ತಂಗಿ. ಸಾಮರ್ಥ್ಯ ನೋಡಿ ಕೊಟ್ಟ ಪದವಿಯಲ್ಲ, ಬರೆಯುವ ಕೈ ಬೇರೆ ಯಾವುದೂ ಇಲ್ಲಿ ಉಳಿದಿಲ್ಲ. ‘ಹೊರಗೆ ನಿಲ್ಲುತ್ತಾರೆ’ ಎನ್ನುವ ಮಾತನ್ನು ದಾಟಿ ಮುಂದೆ ಓದಲು ನನಗೆ ಬಹಳ ಹೊತ್ತು ಬೇಕಾಯಿತು.

ವರ್ಗಾವಣೆ ಪತ್ರದಲ್ಲಿ ‘ಇವರ ಮೇಲೆ ಯಾವ ಆಕ್ಷೇಪವೂ ಇಲ್ಲ’ ಎಂದು ಬರೆಯಲೇಬೇಕು. ನಿನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಬಟ್ಟಲಿನ ವಿಷಯದಲ್ಲಿ ಉತ್ತರ ಕೊಡದೆ ಹೋದವರು’ ಎಂದಿದೆ. ಅದನ್ನು ಹಿರಿಯರ ಸಮಿತಿಯೇ ಹೊಡೆದುಹಾಕಬೇಕು, ಅದೂ ಈ ತಿಂಗಳ ಇಪ್ಪತ್ತೆಂಟರೊಳಗೆ. ಆ ಭಾನುವಾರ ನಮ್ಮ ಸಭೆ ಮುಚ್ಚುತ್ತದೆ. ಮುಚ್ಚುತ್ತದೆ ಅನ್ನಬಾರದಂತೆ, ಸೇತುವೆಯಾಚೆಯ ದೊಡ್ಡ ಸಭೆಗೆ ‘ಸೇರಿಕೊಳ್ಳುತ್ತದೆ’ ಅನ್ನಬೇಕಂತೆ, ಪಾದ್ರಿಗಳ ಅಪ್ಪಣೆ. ಏನೇ ಅಂದರೂ ಆಮೇಲೆ ನಿನಗೆ ಪತ್ರ ಕೊಡಲು ಇಲ್ಲಿ ಯಾರೂ ಇರುವುದಿಲ್ಲ.

ಆ ದಿನ ಓದಲು ಸಭೆಯ ಚರಿತ್ರೆಯನ್ನು ಮೂರು ಪುಟದಲ್ಲಿ ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಗಿರಣಿಯ ಹನ್ನೆರಡು ಮಂದಿ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಶುರುಮಾಡಿದ್ದು, ಕೆಳಗೆ ಟಯರಿಗೆ ಗಾಳಿ ಹೊಡೆಯುವ ಸದ್ದಿನ ಮೇಲೆ ಇವರು ಕೀರ್ತನೆ ಹಾಡಿದ್ದು, ಆಮೇಲೆ ಈ ಕಟ್ಟಡ ಎದ್ದದ್ದು, ನಮ್ಮ ಬಡಗಿ ಅಪ್ಪ ಮೂವತ್ತು ಬೆಂಚುಗಳನ್ನೂ ಪ್ರಸಂಗಪೀಠವನ್ನೂ ಮಾಡಿದ್ದು, ಎಲ್ಲ ಬರೆದೆ. ಜಾಗ ಸಾಲದೆ ಜನ ಕಿಟಕಿಯ ಹೊರಗೆ ನಿಲ್ಲುತ್ತಿದ್ದ ಕಾಲ ನಿನಗೂ ನೆನಪಿರಬೇಕು. ಗಿರಣಿ ನಿಂತಿತು, ಜನ ಊರ ಹೊರಗಿನ ಬಡಾವಣೆಗಳಿಗೆ ಹೋದರು, ಸುತ್ತಲಿನ ಮನೆಗಳು ಗೋದಾಮುಗಳಾದವು. ಈಗ ಭಾನುವಾರ ನಾನೇ ಬೀಗ ತೆಗೆಯುತ್ತೇನೆ, ನಾನೇ ಕಸ ಗುಡಿಸುತ್ತೇನೆ, ನಮ್ಮ ಮನೆಯವರ ಒಂಬತ್ತನೇ ಬೆಂಚಿನಲ್ಲಿ ನಾನೊಬ್ಬಳೇ ಕೂರುತ್ತೇನೆ. ಐದು ಜನರ ಬೆಂಚು ಒಬ್ಬಳಿಗೆ ಎಷ್ಟು ಉದ್ದ ಅನ್ನುವುದು ಕೂತವರಿಗೇ ಗೊತ್ತು. ಮೊನ್ನೆ ಬೆಂಚುಗಳನ್ನು ಕೊಳ್ಳಲಿರುವ ಕಾಫಿ ಅಂಗಡಿಯವರು ಬಂದು ಅದನ್ನೂ ಅಳೆದುಕೊಂಡು ಹೋದರು.

ಅಪ್ಪ ಹೋಗಿ ಮೂವತ್ತು ವರ್ಷ, ಅಮ್ಮ ಹೋಗಿ ಹದಿನಾರು. ಇದನ್ನು ನಿನಗೆ ಹೀಗೆ ಒಂದು ಸಾಲಿನಲ್ಲಿ ಹೇಳಬೇಕಾಗಿ ಬಂತಲ್ಲ, ಕ್ಷಮಿಸು. ತಿಳಿಸೋಣವೆಂದರೆ ನಿನ್ನ ವಿಳಾಸವೇ ಇರಲಿಲ್ಲ. ವರ್ಷಕ್ಕೊಮ್ಮೆ ಸದಸ್ಯರ ಪಟ್ಟಿ ಓದುವ ನಮ್ಮ ಪದ್ಧತಿ ನೆನಪಿದೆಯಾ? ಹೆಸರು ಕರೆದಾಗ ಎದ್ದು ‘ಇದ್ದೇನೆ’ ಅನ್ನಬೇಕು. ದೂರ ಇರುವವರ ಪರವಾಗಿ ಮನೆಯವರು ಎದ್ದು ‘ನಮ್ಮವರು’ ಅಂದರೆ ಆ ಹೆಸರು ಇನ್ನೊಂದು ವರ್ಷ ಉಳಿಯುತ್ತದೆ, ಯಾರೂ ಏಳದಿದ್ದರೆ ಹೊಡೆದುಹಾಕುತ್ತಾರೆ. ನಿನಗಾಗಿ ಮೊದಲು ಅಮ್ಮ ಎದ್ದಳು, ಅವಳು ಹೋದಮೇಲೆ ನಾನು. ಹತ್ತೊಂಬತ್ತು ಹೆಸರು ಉಳಿದಿವೆ, ನಿನ್ನದನ್ನೂ ಸೇರಿಸಿ. ವರ್ಗಾವಣೆ ಆದರೆ ಅದೂ ಹೋಗುತ್ತದೆ. ನಿಜ ಹೇಳುತ್ತೇನೆ, ನಿಮ್ಮ ಸಭೆಯ ಪತ್ರವನ್ನು ಎರಡು ದಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೆ. ಆ ಹೆಸರೂ ಹೋದರೆ ಪುಸ್ತಕದಲ್ಲಿ ನಮ್ಮ ಮನೆಯವರು ಅಂತ ನಾನೊಬ್ಬಳೇ ಅನ್ನುವುದು ತಡೆಯಲಾಗಲಿಲ್ಲ.

ಇನ್ನು ಬಟ್ಟಲಿನ ವಿಷಯ. ಚರಿತ್ರೆಯ ಎರಡನೇ ಪುಟದಲ್ಲಿ ಅಲ್ಲಿಗೇ ಬಂದು ಪೆನ್ನು ನಿಂತಿದೆ. ಕರ್ತನ ಭೋಜನದಲ್ಲಿ ಎಲ್ಲರೂ ಒಂದೇ ಬೆಳ್ಳಿಯ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯಬೇಕೋ, ಒಬ್ಬೊಬ್ಬರಿಗೂ ಪುಟ್ಟ ಗಾಜಿನ ಲೋಟ ಕೊಡಬೇಕೋ ಎಂದು ಆ ವರ್ಷ ಸಭೆ ಎರಡು ಹೋಳಾಗಿತ್ತು. ಕ್ಷಯ ಹರಡುತ್ತಿದೆ, ಲೋಟವೇ ಸರಿ ಎಂದು ನೀನು ಎದ್ದು ಮಾತಾಡಿದೆ. ನಿನಗೋ ಮೂಗಿನ ತುದಿಯಲ್ಲೇ ಕೋಪ. ‘ಆ ಬಟ್ಟಲು ತೊಲಗಿದರೆ ಒಳ್ಳೇದು’ ಅಂದುಬಿಟ್ಟೆ. ಮರುವಾರವೇ ಬಟ್ಟಲು ಕಾಣೆಯಾಯಿತು. ಇನ್ನೇನು ಬೇಕು ಜನಕ್ಕೆ? ಬೆಂಕಿಯಿಲ್ಲದೆ ಹೊಗೆಯಾಡುತ್ತಾ ಅಂದರು.

ಅಣ್ಣಾ, ಬಟ್ಟಲು ತೊಳೆಯುವ ಕೆಲಸ ಅಮ್ಮನದು. ಆ ಭಾನುವಾರ ಅವಳಿಗೆ ಜ್ವರ, ನನ್ನನ್ನು ಕಳಿಸಿದ್ದಳು. ಹಿಂದಿನ ಕೋಣೆಯ ಕಲ್ಲಿನ ತೊಟ್ಟಿಯ ಮೇಲೆ ಅದು ನನ್ನ ಕೈಯಿಂದ ಜಾರಿತು. ಹಳೆಯ ಬೆಸುಗೆ ಬಿಟ್ಟು ಬುಡ ಒಂದು ಕಡೆ, ಬಾಯಿ ಒಂದು ಕಡೆ. ಮುರಿದ ಅಂಚು ನನ್ನ ಬೆರಳು ಸೀಳಿತು. ಅಮ್ಮನಿಗೆ ಸಭೆಯಲ್ಲಿದ್ದ ಒಂದೇ ಒಂದು ಮರ್ಯಾದೆ ಅದು, ಅದನ್ನು ನಾನು ಕಳೆದೆ ಅನ್ನುವ ಹೆದರಿಕೆಯಲ್ಲಿ ಎರಡು ತುಂಡನ್ನೂ ಒರೆಸುವ ಬಟ್ಟೆಯಲ್ಲಿ ಸುತ್ತಿ, ಅಪ್ಪ ಮಾಡಿದ ಪ್ರಸಂಗಪೀಠದ ಸಡಿಲವಾದ ಹಲಗೆಯ ಕೆಳಗೆ ತಳ್ಳಿದೆ. ಅಂದಿನಿಂದ ಆರು ಜನ ಪಾದ್ರಿಗಳು ಅದರ ಮೇಲೆ ನಿಂತೇ ಸತ್ಯದ ವಿಷಯ ಪ್ರಸಂಗ ಮಾಡಿದ್ದಾರೆ. ಮನೆಗೆ ಬಂದಾಗ ಬೆರಳಿಗೆ ನಿನ್ನ ಕರವಸ್ತ್ರ ಕಟ್ಟಿದೆಯಲ್ಲ, ಬಾಗಿಲಿಗೆ ಸಿಕ್ಕಿತು ಅಂತ ನಾನು ಅಂದೆ. ‘ಬಾಗಿಲಿಗೂ ಹಲ್ಲು ಬಂತಾ, ಗಡಿಬಿಡಿ?’ ಅಂದು ನೀನು ನಕ್ಕೆ.

ಸಭೆ ಸೇರಿದ ದಿನ ಹಿರಿಯರ ಪರವಾಗಿ ಟೈಲರ್ ಮಾಮ ನಿನ್ನನ್ನು ನಿಲ್ಲಿಸಿ ಕೇಳಿದರು, ‘ನೀನು ತೆಗೆದೆಯಾ?’ ನೀನು ಇಲ್ಲ ಅಂದೆ. ‘ಹಾಗಾದರೆ ಯಾರು ಅಂತ ಗೊತ್ತಾ?’ ನೀನು ಒಂಬತ್ತನೇ ಬೆಂಚಿನ ಕಡೆ ತಿರುಗಿ ನನ್ನ ಬೆರಳಿನ ಕಟ್ಟು ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ನೀನು ಕಾದೆ. ನಾನು ಏಳಲಿ ಎಂದು ಕಾದೆ. ನಾನು ನನ್ನ ಚಪ್ಪಲಿ ನೋಡುತ್ತಾ ಕೂತೆ. ನೀನು ಮಾತೇ ಆಡದೆ ಮುಂಬಾಗಿಲಿನಿಂದ ಹೊರಟೆ, ಮರುದಿನ ಊರೇ ಬಿಟ್ಟೆ. ‘ಅವನು ತೆಗೆದಿದ್ದರೆ ಹೇಳ್ತಿದ್ದ’ ಎಂದು ಅಮ್ಮ ಕೊನೆಯ ತನಕ ಹೇಳುತ್ತಿದ್ದಳು. ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಹೂಂ ಅನ್ನುತ್ತಿದ್ದೆ. ನನ್ನಂಥ ಪಾಪಿ ಇಲ್ಲ, ಅಣ್ಣಾ.

ಐದು ಗಂಟೆಗೆ ಹಿರಿಯರು ಸೇರುತ್ತಾರೆ. ಬೆಳಗ್ಗೆ ಹಲಗೆ ಎತ್ತಿ ತೆಗೆದೆ, ಗಂಟು ಈಗ ನನ್ನ ತೊಡೆಯ ಮೇಲಿದೆ. ಬೆಳ್ಳಿ ಕಪ್ಪಾಗಿದೆ. ಅತ್ತಿಗೆ ಅಂತ ಒಬ್ಬರಿದ್ದರೆ ಅವರಿಗೆ ನನ್ನ ವಂದನೆ, ಮಕ್ಕಳಿದ್ದರೆ ಅವರಿಗೆ ಈ ಕಾಣದ ಅತ್ತೆಯ ಮುದ್ದು. ಕರ್ತನು ನಿನ್ನ ಎದೆಯನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ,
ಗಡಿಬಿಡಿ

ಮತ್ತೆ ಸೇರಿಸಿದ್ದು: ಈಗ ಐದೂಮುಕ್ಕಾಲು. ಆರಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ. ಹೇಳಿಬಿಟ್ಟೆ. ಮೊದಲು ಎರಡು ತುಂಡು ಮೇಜಿನ ಮೇಲಿಟ್ಟೆ, ಆಮೇಲೆ ಮಾತು ತಾನಾಗಿ ಬಂತು. ಟೈಲರ್ ಮಾಮನಿಗೆ ಈಗ ಕಣ್ಣು ಮಂಜು, ಬಟ್ಟಲನ್ನು ಬೆರಳಲ್ಲೇ ಸವರಿ ನೋಡಿ ‘ಅವನಿಗೆ ಗೊತ್ತಿತ್ತಾ?’ ಅಂತ ಒಂದೇ ಮಾತು ಕೇಳಿದರು. ಗೊತ್ತಿತ್ತು ಅಂದೆ. ಕೆಂಪು ಸಾಲನ್ನು ತಾನೇ ಹೊಡೆಯಬೇಕೆಂದು ಪೆನ್ನು ಇಸಕೊಂಡರು. ಗೆರೆ ಸೊಟ್ಟಗೆ ಹೋಗಿ, ಕೆಳಗಿದ್ದ ನನ್ನ ಹೆಸರಿಗೂ ತಗುಲಿತು. ನಿನ್ನ ವರ್ಗಾವಣೆ ಪತ್ರ ಇದರ ಜೊತೆಗಿದೆ, ಸಹಿಯಾಗಿದೆ. ತಾರೀಖು ಮಾತ್ರ ಇಪ್ಪತ್ತೆಂಟು, ಮಧ್ಯಾಹ್ನ ಅಂತ ಹಾಕಿಸಿದ್ದೇನೆ. ಅಂದು ಬೆಳಗ್ಗೆ ಹತ್ತಕ್ಕೆ ಕೊನೆಯ ಸಲ ಪಟ್ಟಿ ಓದುವಾಗ ನೀನಿನ್ನೂ ಇಲ್ಲಿಯವನೇ. ನಿನ್ನ ಹೆಸರು ಕರೆದಾಗ ಈ ಸಲ ನಾನು ಏಳುವುದಿಲ್ಲ. ಅಂದು ಚಪ್ಪಲಿ ನೋಡುತ್ತಾ ಕೂತವಳು, ಈ ಸಲ ಬಾಗಿಲು ನೋಡುತ್ತಾ ಕೂತಿರುತ್ತೇನೆ.