ಗೌರಕ್ಕನ ಮನೆಯಲ್ಲಿ ಉಳಿದ ಶಾಲು

ತಿರುವನಂತಪುರ, ಶನಿವಾರ
ಜನವರಿ ೧೯೬೧

ಅಮ್ಮ, ಕಾರ್ಡಿನಲ್ಲಿ ಜಾಗ ಕಡಿಮೆ; ಕಾಲಿಗೆ ಬಿದ್ದೆನೆಂದು ತಿಳಿದುಕೋ.

ವಿಮಾನ ಕಂಪನಿಯ ಭಾವ ಬಿಟ್ಟಿ ಟಿಕೆಟ್ ಕೊಡಿಸಿ, "ಡೆಲ್ಲಿ ನೋಡ್ಕೊಂಡ್ ಬಾರೋ" ಅಂದಾಗ ನೀನು, "ಉಬ್ಬಸದೋನ್ನ ಚಳಿಗ್ ಕಳಿಸ್ತೀರಾ? ಬೆಚ್ಚಗಿರೋ ಊರು ಹೇಳಿ" ಎಂದು ಹಟ ಹಿಡಿದದ್ದೇ ಸರಿ. ಇಲ್ಲಿ ಪುಷ್ಯ ಮಾಸದಲ್ಲೂ ಫ್ಯಾನ್ ತಿರುಗುತ್ತದೆ. ತೆಂಗಿನ ಮರಗಳು ನಮ್ಮ ಗುಬ್ಬಿಯವೇ ಅನ್ನಿಸುತ್ತವೆ, ಆದರೆ ಸಮುದ್ರದ ಕಡೆ ಬಗ್ಗಿ ನಿಂತಿವೆ. ನಸುಕಿನಲ್ಲಿ ನಿನ್ನ ವಯಸ್ಸಿನ ಹೆಂಗಸರು ಕೊಳದ ತಣ್ಣೀರಿನಲ್ಲಿ ಕತ್ತಿನವರೆಗೆ ಮುಳುಗಿ, ನಡುಗದೆ ಹರಟುತ್ತಾರೆ. ನನ್ನ ಉಬ್ಬಸ ಇಳಿದಿದೆ. ಕೂತೇ ಬೆಳಗು ಮಾಡುತ್ತಿದ್ದವನು ಈಗ ಮಲಗಿ ನಿದ್ದೆ ಮಾಡುತ್ತೇನೆ.

ಒಂದು ಎಡವಟ್ಟಾಗಿದೆ. ಗುರುವಾರ ದಕ್ಷಿಣಕ್ಕೆ ಶೂಲ, ಹೊರಡಬಾರದೆಂದು, ಬುಧವಾರವೇ ಹೊರಟ ಲೆಕ್ಕಕ್ಕೆ ನನಗೆ ಕೊಟ್ಟ ನಿನ್ನ ಶಾಲನ್ನು ಎದುರುಮನೆ ಗೌರಕ್ಕನಲ್ಲಿ ಪ್ರಸ್ಥಾನ ಇಟ್ಟೆಯಲ್ಲ, ಮರುದಿನದ ಗಡಿಬಿಡಿಯಲ್ಲಿ ಅದನ್ನು ತೆಗೆದುಕೊಳ್ಳಲು ನಾನು ಮರೆತೆ. ನಿನಗಿರುವುದು ಅದೊಂದೇ. ನಾನು ಬರುವ ಮೊದಲು ಅದು ಮನೆಗೆ ಮರಳಿದರೆ ನನಗೆ ಕೇಡೆಂದು ನೀನು ಬರೀ ಸೆರಗು ಹೊದ್ದು ಕೂತಿರುತ್ತೀಯೆಂದು ಬಲ್ಲೆ.

ಟಪ್ಪಾಲಿಗೆ ಹೊತ್ತಾಯಿತು. ನಾನಿಲ್ಲಿ ಬೆವರುತ್ತಿದ್ದೇನಮ್ಮ. ಹೋಗಿ ತಂದು ಹೊದ್ದುಕೋ.

ಶ್ರೀಕಂಠ