ಗೆಳೆಯನ ಎಣಿಕೆ

ಜುಲೈ 14, ಸೋಮವಾರ

ಕಂಪ್ಯೂಟರಿನಲ್ಲಿ ಯುದ್ಧದ ಸಿಮ್ಯುಲೇಶನ್ ಮತ್ತೆ ಓಡಿಸಿದೆ. ಅದರ ಸೈನಿಕರು ಹೊಸ ಬ್ಯಾಟರಿ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿದರು, ಮೇಲೆ ಹೋಗಿ ಯುದ್ಧಕ್ಕೂ ಸಿದ್ಧ. ಒಬ್ಬನಿಗಾದರೂ ಸುಸ್ತಾಗಬಾರದೇ! ಅವರ ಶಕ್ತಿಯ ಅಂಕಿಗಳೆಲ್ಲ ಸೇನೆಯ ಫಿಟ್‌ನೆಸ್ ಟೆಸ್ಟಿನವು. ನನ್ನದೇನೂ ಇಲ್ಲ. ಟೀಮಿನ ಮುಖ್ಯಸ್ಥ ಮಾ ಸರ್, ನಿವೃತ್ತ ಕರ್ನಲ್, ಹಿರಿಹಿರಿ ಹಿಗ್ಗಿದ್ದಾರೆ. ಇದನ್ನೇ ನಂಬಿ ಆಗಸ್ಟ್ ಬಿಸಿಲಿನಲ್ಲಿ ನಿಜವಾದ ಹುಡುಗರಿಗೂ ಅದೇ ಭಾರ ಹೊರಿಸುತ್ತಾರೆ. ನನ್ನ ತಮ್ಮ ಗ್ಯುಹಾನನ ತುಕಡಿಯೂ ಅದರಲ್ಲಿದೆ.

ಜುಲೈ 20, ಭಾನುವಾರ

ಚೋಬೊಕ್, ನಮ್ಮ ಕೊರಿಯಾದ ಕಡುಬೇಸಿಗೆಯ ಮೊದಲ ದಿನ. ಅಮ್ಮ ಜಿನ್ಸೆಂಗ್ ಹಾಕಿ ಕೋಳಿ ಬೇಯಿಸಿದರು. ಗ್ಯುಹಾನ್ ರಜೆಯಲ್ಲಿ ಬಂದಿದ್ದಾನೆ – ಟೆಸ್ಟಿನಲ್ಲಿ ಸ್ಪೆಷಲ್ ಗ್ರೇಡ್ ಅಂತೆ!

"ನಿಂಗಾ? ಮೆಟ್ಟಿಲು ಹತ್ತೋಕೇ ಏದುಸಿರು ಬಿಡ್ತಿದ್ದೆಯಲ್ಲೋ!"

"ಸ್ಪೆಷಲ್ ಬಂದ್ರೆ ರಜೆ ಸಿಗುತ್ತಲ್ಲಕ್ಕಾ. ಪುಷಪ್ ಎಣಿಸೋದು ಜೊತೆಯವನೇ. ನಂದು ತೆಯೂಲ್ ಎಣಿಸ್ತಾನೆ, ಅವನದು ನಾನು. ಐವತ್ತಾದ್ಮೇಲೆ ನೇರ ಅರವತ್ತು. ಗೆಳೆಯನ ರಜೆಗೆ ಯಾರಾದ್ರೂ ಕಲ್ಲು ಹಾಕ್ತಾರಾ?"

ಅಮ್ಮ ನಕ್ಕರು. ನಾನು ಚಮಚ ಕೆಳಗಿಟ್ಟೆ. ನನ್ನ ಸೈನಿಕರ ಬಲವೆಲ್ಲ ಬರೀ ಈ ಹುಡುಗರ ಪ್ರೀತಿ.

ಜುಲೈ 21

ಮಾ ಸರ್‌ಗೆ ಹೇಳಿಬಿಟ್ಟೆ. ತಮ್ಮನ ಹೆಸರು ಎತ್ತಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ಕಾಫಿ ಹೀರಿದರು.

"ನಮ್ಮ ಕಾಲದಲ್ಲೂ ಹೀಗೇ ಕಣಮ್ಮ. ನಂಗೆ ಎಣಿಸಿಕೊಟ್ಟವನ ಮದುವೆಗೂ ಹೋಗಿ ಬಂದೆ." ಆಮೇಲೆ, "ಮೇಲಿನವರಿಗೆ ಬರೆದ್ರೆ ಮತ್ತೆ ಟೆಸ್ಟ್ ಮಾಡಿಸ್ತಾರೆ. ಪಾಪ, ಹುಡುಗರ ರಜೆ ಹೋಗುತ್ತೆ. ಬರೀದೇ ಇದ್ರೆ?"

"ಬಿಸಿಲಲ್ಲಿ ಬೀಳ್ತಾರೆ ಸರ್."

"ಬರಿ ಹಾಗಾದ್ರೆ. ಸಹಿ ನಂದೂ ಇರಲಿ."

ಬರೆದೆ. ಕೈ ಬರಲೇ ಇಲ್ಲ, ಆದರೂ ಬರೆದೆ.

ಆಗಸ್ಟ್ 5

ಭಾರದ ನಡಿಗೆ ನಿಂತಿತು. ಅಬ್ಬಾ! ಎಲ್ಲ ಕಡೆ ಮರುಟೆಸ್ಟ್. ಇನ್ನು ಎಣಿಸುವವರು ಬೇರೆ ತುಕಡಿಯ ಅಧಿಕಾರಿಗಳು. ಗ್ಯುಹಾನ್ ನನ್ನ ಫೋನ್ ಎತ್ತುತ್ತಿಲ್ಲ.

ಆಗಸ್ಟ್ 12, ಸಂಜೆ

ಅವನೇ ಫೋನ್ ಮಾಡಿದ.

"ಅಕ್ಕಾ, ನೀನೇನಾ ಹೇಳಿದ್ದು?"

ಹೌದು ಅಂದೆ.

"ತೆಯೂಲ್ ಅಜ್ಜಿ ಆಸ್ಪತ್ರೆಲಿದ್ದಾರೆ. ಅವನನ್ನ ಸಾಕಿದ್ದೇ ಅವರು. ತುರ್ತು ರಜೆ ಆಗ್ಲೇ ಮುಗಿದಿದೆ. ನಾಳೆ ಮರುಟೆಸ್ಟಲ್ಲಿ ಸ್ಪೆಷಲ್ ಬಂದ್ರೆ ಮಾತ್ರ ನೋಡೋಕಾಗೋದು."

ತೆಯೂಲ್ ಈಗ ಎಲ್ಲಿದ್ದಾನೆ ಅಂತ ಕೇಳಿದೆ.

"ಈಗ ಇಲ್ಲೇ ಅಭ್ಯಾಸ ಮಾಡ್ತಿದಾನೆ. ನನ್ನ ಎಣಿಕೆ ಬೇಡವಂತೆ, ನಂಬಿಕೆ ಇಲ್ಲವಂತೆ. ನೀನೇ ಎಣಿಸು."

ಫೋನನ್ನು ನೆಲದ ಮೇಲಿಟ್ಟ. ಇಲ್ಲಿ ನನ್ನ ಮೇಜಿನ ಮೇಲೂ ಫೋನ್ ಸ್ಪೀಕರಿನಲ್ಲಿದೆ. ಜೋರಾಗಿ ಎಣಿಸುತ್ತಿದ್ದೇನೆ, ಸುಮ್ಮನೆ ಕೂರಲಾಗದೆ ಬರೆಯುತ್ತಲೂ ಇದ್ದೇನೆ. ಆ ಹುಡುಗ ಕೆಳಗಿಳಿದಾಗಲೆಲ್ಲ ಉಸಿರು ಇಲ್ಲಿಗೇ ತಾಗುತ್ತದೆ, ಅದನ್ನೇ ಎಣಿಸುವುದು. ಸ್ಪೆಷಲ್‌ಗೆ ಎಪ್ಪತ್ತೆರಡು ಬೇಕು. ಅರವತ್ತೇಳು. ಅರವತ್ತೆಂಟು... ಇಳಿದ. ಏಳುತ್ತಿಲ್ಲ. ಏಳಪ್ಪಾ. ಗ್ಯುಹಾನ್ ಕೂಗುತ್ತಿದ್ದಾನೆ. ಇನ್ನೂ ಎದ್ದಿಲ್ಲ. ನನ್ನ ಬಾಯಿಗೆ ಎಪ್ಪತ್ತೆರಡೇ ಬರುತ್ತಿದೆ, ಅಂದುಬಿಡಲೇ—